ಕೈಹೆಣಿಗೆಯ ಹದ: ಇತಿಹಾಸ

ಕಡ್ಡಿಯಿಂದ ಇಳಿದ ಹೆಣಿಗೆಯನ್ನು ನೀರಲ್ಲಿ ನೆನೆಸಿ, ಬೇಕಾದ ಅಳತೆಗೆ ಎಳೆದು ಬಿಗಿದು, ಬಿಗಿದಂತೆಯೇ ಒಣಗಿಸಿ ಆಕಾರ ನಿಲ್ಲಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬ್ಲಾಕಿಂಗ್ ಎಂದು ಹೆಸರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಇದನ್ನು ಡ್ರೆಸಿಂಗ್ ಎನ್ನುತ್ತಾರೆ. ನೂಲಿನ ತುದಿಗಳನ್ನು ಹಿಂಬದಿಯಲ್ಲಿ ಅಡಗಿಸುವುದು, ತೋಳು ಮೈಗಳನ್ನು ಕೂಡಿಸಿ ಹೊಲಿಯುವುದು, ಗುಂಡಿಪಟ್ಟಿ ಕಟ್ಟುವುದು ಇವೂ ಸೇರಿದರೆ ಫಿನಿಷಿಂಗ್ ಪೂರ್ತಿಯಾಗುತ್ತದೆ. ಮಣ್ಣಿಗೆ, ಪಾಕಕ್ಕೆ, ಚರ್ಮಕ್ಕೆ ನಾವು ಹೇಳುವ 'ಹದ' ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಈ ಲೇಖನದಲ್ಲಿ ಅದನ್ನೇ ಬಳಸಿದೆ.

ಹೆಣಿಗೆಯ ಬಗ್ಗೆ ಬರೆಯುವವರು ವಿನ್ಯಾಸಗಳನ್ನು ಎಣಿಸುತ್ತಾರೆ, ಬಣ್ಣಗಳನ್ನು ವರ್ಣಿಸುತ್ತಾರೆ. ಹದಕ್ಕೆ ಸಿಗುವುದು ಕೊನೆಯಲ್ಲೊಂದು ಸಾಲು. ಇದು ನ್ಯಾಯವಲ್ಲ. ಜಾಲರಿ ಹೆಣಿಗೆಯ ಶಾಲು ಕಡ್ಡಿಯಿಂದ ಇಳಿದಾಗ ಮುದುಡಿದ ಉಂಡೆಯಂತಿರುತ್ತದೆ. ಕಣ್ಣುಗಳೆಲ್ಲ ಮುಚ್ಚಿಕೊಂಡಿರುತ್ತವೆ. ಚುಕ್ಕಿ ಇಟ್ಟು ಎಳೆ ಎಳೆಯದೆ ಬಿಟ್ಟ ರಂಗೋಲಿಯಂತೆ ಚಿತ್ತಾರ ಅಲ್ಲೇ ಇದ್ದರೂ ಕಾಣದು. ನೆನೆಸಿ ಬಿಗಿದ ಮೇಲೆಯೇ ಅದು ತೆರೆದುಕೊಳ್ಳುತ್ತದೆ.

ಹದದ ಅತ್ಯಂತ ಹಳೆಯ ಬಗೆಗಳಲ್ಲಿ ಒಂದು ಹಿಗ್ಗಿಸುವುದಲ್ಲ, ಕುಗ್ಗಿಸುವುದು. ಉಣ್ಣೆಯ ಟೋಪಿಯನ್ನು ದೊಡ್ಡದಾಗಿ, ಸಡಿಲವಾಗಿ ಹೆಣೆದು, ಸಾಬೂನು ನೀರಿನಲ್ಲಿ ತುಳಿದು ಬಡಿದರೆ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗುತ್ತದೆ, ಮಳೆ ತಡೆಯುತ್ತದೆ. ಆಮೇಲೆ ಮುಳ್ಳಿನ ಕಾಯಿಗಳಿಂದ ಉಜ್ಜಿ ಜುಂಗು ಎಬ್ಬಿಸಿ, ಕತ್ತರಿಯಿಂದ ಸಮಮಾಡಿ, ಅಚ್ಚಿನ ಮೇಲೆ ಕೂರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1571ರಲ್ಲಿ ಒಂದು ಕಾಯ್ದೆ ಬಂತು. ಗಣ್ಯರಂಥ ಕೆಲವರನ್ನು ಬಿಟ್ಟು, ಆರು ವರ್ಷ ದಾಟಿದವರೆಲ್ಲ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ದೇಶದಲ್ಲೇ ತಯಾರಾದ ಉಣ್ಣೆಯ ಟೋಪಿ ತೊಡಬೇಕು ಎಂದು ಅದು ವಿಧಿಸಿತು. ಟೋಪಿಯಿಂದ ಬದುಕುವವರ ಪಟ್ಟಿಯನ್ನೂ ಆ ಕಾಯ್ದೆ ಕೊಡುತ್ತದೆ. ನೂಲುವವರು, ಹೆಣೆಯುವವರು ಇದ್ದಾರೆ; ಅವರ ಜೊತೆಗೆ ತುಳಿಯುವವರು, ದಪ್ಪಗಟ್ಟಿಸುವವರು, ಬಣ್ಣ ಹಾಕುವವರು, ಜುಂಗು ಕತ್ತರಿಸುವವರು, ಒತ್ತುವವರು, ಅಂಚು ಕಟ್ಟುವವರು. ಅಷ್ಟೊಂದು ಕೈಗಳ ನಡುವೆ ಹೆಣೆಯುವ ಕೈ ಒಂದು ಮಾತ್ರ. ಕಾಯ್ದೆ 1597ರಲ್ಲಿ ರದ್ದಾಯಿತು. ಆ ಪಟ್ಟಿ ಮಾತ್ರ ಹದದ ಕೆಲಸಕ್ಕೆ ಸಿಕ್ಕ ಒಳ್ಳೆಯ ಸಾಕ್ಷಿಯಾಗಿ ಉಳಿದಿದೆ.

ಟ್ಯುನೀಷಿಯದ ಕೆಂಪು ಟೋಪಿ ಶೆಶಿಯಾ ಇದೇ ವಿದ್ಯೆಯ ಇನ್ನೊಂದು ಕವಲು. 1609ರ ನಂತರ ಸ್ಪೇನಿನಿಂದ ಹೊರದೂಡಲ್ಪಟ್ಟ ಮುಸ್ಲಿಂ ಮೂಲದವರು ಟ್ಯೂನಿಸ್ ನಗರಕ್ಕೆ ಬಂದು ಈ ಕಸುಬನ್ನು ಬೆಳೆಸಿದರು. ಅರಿಯಾನಾದ ಹೆಂಗಸರು ಬಿಳಿ ಉಣ್ಣೆಯಲ್ಲಿ ದೊಡ್ಡ ಚೀಲದಂಥ ಟೋಪಿ ಹೆಣೆಯುತ್ತಾರೆ. ಮೆಜೆರ್ದಾ ನದಿಯ ದಂಡೆಯ ಎಲ್ ಬತ್ತಾನ್ ಊರಿನಲ್ಲಿ ಅದನ್ನು ಬಡಿದು ಕುಗ್ಗಿಸುತ್ತಾರೆ. ಝಗೂವಾನಿನಲ್ಲಿ ಬಣ್ಣ ಹಾಕುತ್ತಾರೆ. ಕೊನೆಗೆ ಟ್ಯೂನಿಸ್ ಪೇಟೆಯಲ್ಲಿ ಅಚ್ಚಿಗೆ ಏರಿಸಿ ನಯಗೊಳಿಸುತ್ತಾರೆ. ಹೆಣಿಗೆಯ ಒಂದು ಕುಣಿಕೆಯೂ ಕಾಣದಷ್ಟು ಅದು ಬದಲಾಗಿರುತ್ತದೆ.

ಕಾಲುಚೀಲದ ದಾರಿ ಬೇರೆ. ಒಗೆದ ಕಾಲುಚೀಲವನ್ನು ಕಾಲಿನ ಆಕಾರದ ಮರದ ಹಲಗೆಯ ಮೇಲೆ ಎಳೆದು ಒಣಗಿಸಿದರೆ ಹಿಮ್ಮಡಿ, ಮೀನಖಂಡ ಸರಿಯಾಗಿ ಕೂರುತ್ತವೆ. 1589ರಲ್ಲಿ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಂಡುಹಿಡಿದ. ಹೆಣೆಯುವುದು ಕೈಯಿಂದ ಯಂತ್ರಕ್ಕೆ ಹೋದರೂ ಹಲಗೆ ಹೋಗಲಿಲ್ಲ. 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ನೈಲಾನ್ ಕಾಲುಚೀಲಗಳನ್ನೂ ಕಾಲಿನಾಕಾರದ ಅಚ್ಚಿಗೇರಿಸಿ ಬಿಸಿ ಕೊಟ್ಟೇ ಆಕಾರ ನಿಲ್ಲಿಸುತ್ತಿದ್ದರು.

ಜಾಲರಿ ಶಾಲಿನ ಹದ ಒಂದು ಪ್ರತ್ಯೇಕ ಕಸುಬಾಗಿ ಬೆಳೆದದ್ದು ಶೆಟ್ಲೆಂಡಿನಲ್ಲಿ. ಅಲ್ಲಿನ ಹೆಂಗಸರು ಮೊದಲಿಗೆ ಹೆಣೆಯುತ್ತಿದ್ದದ್ದು ಒರಟು ಕಾಲುಚೀಲಗಳನ್ನು. ಬೇಸಿಗೆಯಲ್ಲಿ ಹೆರಿಂಗ್ ಮೀನು ಹಿಡಿಯಲು ಬರುತ್ತಿದ್ದ ಡಚ್ ಮೀನುಗಾರರೇ ಗಿರಾಕಿಗಳು. 1830ರ ದಶಕದ ಹೊತ್ತಿಗೆ ಆ ವ್ಯಾಪಾರ ಸೊರಗಿತ್ತು. 1837ರಲ್ಲಿ ಆರ್ಥರ್ ಆಂಡರ್ಸನ್ ವಿಕ್ಟೋರಿಯಾ ರಾಣಿಗೆ ಶೆಟ್ಲೆಂಡಿನ ನವಿರಾದ ಕಾಲುಚೀಲಗಳನ್ನು ಕಾಣಿಕೆ ಕೊಟ್ಟ. ಶೆಟ್ಲೆಂಡಿನ ಮುಖ್ಯ ಪಟ್ಟಣ ಲೆರ್ವಿಕ್ಕಿನಲ್ಲಿ ಹುಟ್ಟಿದ ಆತ, ಮುಂದೆ ಇಂಡಿಯಾದ ಟಪಾಲು ಹೊತ್ತ ಪಿ ಅಂಡ್ ಓ ಹಡಗು ಕಂಪನಿಯ ಸ್ಥಾಪಕರಲ್ಲೊಬ್ಬ. ಅದೇ ಕಾಲದಲ್ಲಿ ಆಕ್ಸ್‌ಫರ್ಡಿನ ವ್ಯಾಪಾರಿ ಎಡ್ವರ್ಡ್ ಸ್ಟ್ಯಾಂಡನ್ ಜಾಲರಿ ಶಾಲುಗಳಿಗೆ ಇಂಗ್ಲೆಂಡಿನಲ್ಲಿ ಮಾರುಕಟ್ಟೆ ಹುಡುಕಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಶೆಟ್ಲೆಂಡ್ ಶಾಲುಗಳು ಕಾಣಿಸಿಕೊಂಡವು.

ಈ ಶಾಲುಗಳ ನವಿರು ನಂಬಲು ಕಷ್ಟ. ಕುರಿಯ ಕುತ್ತಿಗೆಯ ಬಳಿಯ ಮೆದು ಉಣ್ಣೆಯನ್ನು ಕತ್ತರಿಸದೆ ಕೈಯಿಂದ ಬಿಡಿಸಿ ತೆಗೆದು, ಕೂದಲಿನಷ್ಟು ಸಣ್ಣಗೆ ನೂತು ಹೆಣೆದ 6 ಅಡಿ ಚೌಕದ ಶಾಲು 100 ಗ್ರಾಮಿಗಿಂತ ಹಗುರ. ಉನ್‌ಸ್ಟ್ ದ್ವೀಪದ ಅಂಥ ಶಾಲು ಮದುವೆ ಉಂಗುರದೊಳಗಿಂದ ನುಸುಳಿ ಬರುತ್ತದೆ. ಇಷ್ಟು ತೆಳುವಾದದ್ದನ್ನು ಒದ್ದೆ ಮಾಡಿ ಎಳೆಯುವುದು ಪಳಗಿದ ಕೈಗಷ್ಟೇ ಸಾಧ್ಯ.

ಕ್ರಮ ಹೀಗಿತ್ತು. ಶಾಲನ್ನು ಹಿಂಡದೆ, ಉಜ್ಜದೆ, ಬೆಚ್ಚಗಿನ ಸಾಬೂನು ನೀರಲ್ಲಿ ಅದ್ದಿ ತೆಗೆಯುವರು. ತುಂಡಾದ ಎಳೆ, ಜಾರಿದ ಕುಣಿಕೆ ಇದ್ದರೆ ಈ ಹಂತದಲ್ಲಿ ಸರಿಪಡಿಸುವರು. ಬಿಳಿ ಶಾಲಾದರೆ ಪೀಪಾಯಿಯೊಳಗೆ ತೂಗುಹಾಕಿ, ಕೆಳಗೆ ಗಂಧಕ ಉರಿಸಿ ಹೊಗೆ ಕೊಡುವರು. ಆ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಉಣ್ಣೆಯ ಹಳದಿ ಛಾಯೆ ಕಳೆಯುತ್ತದೆ, ಆದರೆ ಶಾಶ್ವತವಾಗಿ ಅಲ್ಲ. ವರ್ಷಗಳು ಕಳೆದಂತೆ ಹಳದಿ ಮರಳುತ್ತದೆ. ಆ ಕಟು ಹೊಗೆ ಉಸಿರಿಗೆ ಕೆಟ್ಟದ್ದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಆಮೇಲೆ ಬಿಗಿಯುವ ಕೆಲಸ. ಶಾಲಿನ ಅಂಚಿನಲ್ಲಿ ಸಾಲಾಗಿ ಹಲ್ಲಿನಂಥ ಮೊನೆಗಳಿರುತ್ತವೆ. ಒಂದೊಂದು ಮೊನೆಗೂ ದಾರ ಪೋಣಿಸಿ ಮರದ ಚೌಕಟ್ಟಿನ ಗೂಟಗಳಿಗೆ ಎಳೆದು ಕಟ್ಟುವರು. ಚೌಕಟ್ಟಿನ ಪಟ್ಟಿಗಳಲ್ಲಿ ಸಾಲು ತೂತುಗಳಿದ್ದು ಅಳತೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಒಂದು ಮೊನೆಯ ಎಳೆತ ಹೆಚ್ಚಾದರೆ ಅಂಚು ಡೊಂಕು, ಕಡಿಮೆಯಾದರೆ ಕಣ್ಣು ಮುಚ್ಚಿಯೇ ಉಳಿಯುತ್ತದೆ. ಹ್ಯಾಪ್ ಎಂಬ ದಿನಬಳಕೆಯ ದಪ್ಪ ಶಾಲುಗಳನ್ನು ಹುಲ್ಲಿನ ಮೇಲೆ ಹಾಸಿ ಗೂಟ ಹೊಡೆದೂ ಒಣಗಿಸುತ್ತಿದ್ದರು. ಮನೆಯ ಗೋಡೆಗೆ ಒರಗಿಸಿದ ಚೌಕಟ್ಟಿನಲ್ಲಿ, ಕಡಲ ಗಾಳಿಗೆ ಒಡ್ಡಿದ ಶಾಲುಗಳ ಹಳೆಯ ಛಾಯಾಚಿತ್ರಗಳು ಉಳಿದಿವೆ. ಜಾಲರಿಯ ಆಚೆ ಬೆಟ್ಟ, ಆಕಾಶ ಕಾಣುತ್ತವೆ.

ಈ ಕೆಲಸ ಮಾಡುತ್ತಿದ್ದವರು ಡ್ರೆಸರ್ ಎಂದು ಕರೆಸಿಕೊಂಡ ಹೆಂಗಸರು. ಹಳ್ಳಿಯ ಹೆಣೆಯುವವಳು ತಂದ ಶಾಲನ್ನು ಲೆರ್ವಿಕ್ಕಿನಲ್ಲಿ ತೊಳೆದು ಬಿಗಿದು ಕೊಡುವುದು, ಕೆಲವೊಮ್ಮೆ ಆಕೆಯ ಪರವಾಗಿ ಮಾರಿಕೊಡುವುದು ಇವರ ಜೀವನ. ವ್ಯಾಪಾರದ ಒಟ್ಟು ವ್ಯವಸ್ಥೆ ಕ್ರೂರವಾಗಿತ್ತು. ಅಂಗಡಿಕಾರರು ಹೆಣಿಗೆಗೆ ಹಣ ಕೊಡುತ್ತಿರಲಿಲ್ಲ. ಚಹಾ, ಬಟ್ಟೆ, ಇಲ್ಲವೇ ಅದೇ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿ ಕೊಡುತ್ತಿದ್ದರು. ಟ್ರಕ್ ಎಂದು ಹೆಸರಾದ ಈ ಪದ್ಧತಿಯ ವಿಚಾರಣೆಗೆ ವಿಲಿಯಂ ಗಥ್ರಿ ಎಂಬ ಆಯುಕ್ತ 1872ರಲ್ಲಿ ಶೆಟ್ಲೆಂಡಿಗೆ ಬಂದು ಕುಳಿತ. ಆತನ ವರದಿಯ ಪ್ರಶ್ನೋತ್ತರಗಳಲ್ಲಿ ಶಾಲಿನ ಬೆಲೆ, ನೂಲಿನ ಬೆಲೆ, ಹದ ಮಾಡುವ ಕೂಲಿ ಎಲ್ಲವೂ ಬರುತ್ತವೆ. ಬಡ ಹೆಂಗಸರ ಕೈಕೆಲಸದ ಬಗ್ಗೆ ಅವರದೇ ಮಾತುಗಳು ಇಷ್ಟು ವಿವರವಾಗಿ ಸಿಗುವ ದಾಖಲೆ 19ನೆಯ ಶತಮಾನದಲ್ಲಿ ಅಪರೂಪ. 1887ರ ಟ್ರಕ್ ತಿದ್ದುಪಡಿ ಕಾಯ್ದೆ ಮನೆಯಲ್ಲಿ ಹೆಣೆಯುವವರಿಗೂ ರಕ್ಷಣೆ ಚಾಚಿತಾದರೂ ಸಾಮಾನು ಕೊಟ್ಟು ಹೆಣಿಗೆ ಕೊಳ್ಳುವ ರೂಢಿ ದಶಕಗಟ್ಟಲೆ ನಿಲ್ಲಲಿಲ್ಲ.

ರಷ್ಯದ ಊರಲ್ ಸೀಮೆಯ ಒರೆನ್‌ಬುರ್ಗಿನಲ್ಲಿ ಮೇಕೆಯ ಒಳತುಪ್ಪಳದಿಂದ ಹೆಣೆದ ಶಾಲುಗಳನ್ನೂ, ಎಸ್ಟೋನಿಯದ ಕಡಲತೀರದ ಹಾಪ್ಸಾಲು ಊರಿನ ಶಾಲುಗಳನ್ನೂ ಹೀಗೆಯೇ ಚೌಕಟ್ಟಿಗೆ ಕಟ್ಟಿ ಒಣಗಿಸುತ್ತಾರೆ.

1920ರ ದಶಕದಲ್ಲಿ ಶೆಟ್ಲೆಂಡಿನ ಫೇರ್ ಐಲ್ ದ್ವೀಪದ ಬಣ್ಣದ ಹೆಣಿಗೆ ಫ್ಯಾಷನ್ ಆಯಿತು. ಬ್ರಿಟನ್ನಿನ ಯುವರಾಜ ಎಡ್ವರ್ಡ್ ಗಾಲ್ಫ್ ಮೈದಾನದಲ್ಲಿ ಅದನ್ನು ತೊಟ್ಟದ್ದು ದೊಡ್ಡ ಕಾರಣ. ಶಾಲಿನ ಚೌಕಟ್ಟು ಸ್ವೆಟರಿಗೆ ಆಗದು. ಹೀಗಾಗಿ ಮೈ, ಚಾಚಿದ ತೋಳುಗಳ ಆಕಾರದಲ್ಲಿ, ಅಗಲ ಹೊಂದಿಸಬಹುದಾದ ಮರದ ಜಂಪರ್ ಬೋರ್ಡ್ ಬಳಕೆಗೆ ಬಂತು. ಎರಡು ಬಣ್ಣದ ನೂಲು ಹಿಂಬದಿಯಲ್ಲಿ ಹಾಯುವ ಹೆಣಿಗೆ ಅಲ್ಲಲ್ಲಿ ಸುಕ್ಕಾಗಿರುತ್ತದೆ. ಒದ್ದೆ ಸ್ವೆಟರನ್ನು ಬೋರ್ಡಿಗೆ ತೊಡಿಸಿದರೆ ಸಮನಾಗುತ್ತದೆ. ಕೈಗವಸಿಗೆ ಅಂಗೈ ಆಕಾರದ ಹಲಗೆ ಇತ್ತು, ದುಂಡು ಟೋಪಿಗೆ ಊಟದ ತಟ್ಟೆಯೇ ಸಾಕಾಗುತ್ತಿತ್ತು.

ಹೆಂಗಸರು ಕೈಯಲ್ಲಿ ಕಂಡುಕೊಂಡದ್ದಕ್ಕೆ ವಿಜ್ಞಾನದ ವಿವರಣೆ 1930ರ ದಶಕದಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಿಂದ ಬಂತು. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ವಿಲಿಯಂ ಆಸ್ಟ್‌ಬರಿ ಎಕ್ಸ್‌ರೇ ಹಾಯಿಸಿ, ಎಳೆದ ಉಣ್ಣೆಯ ಒಳರಚನೆಯೇ ಬದಲಾಗುತ್ತದೆ ಎಂದು ತೋರಿಸಿದ. ಸಹೋದ್ಯೋಗಿ ಸ್ಪೀಕ್‌ಮನ್ ಉಣ್ಣೆಯಲ್ಲಿ ಆಕಾರ ನಿಲ್ಲುವ ಬಗೆಯನ್ನು ಅಭ್ಯಸಿಸಿದ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗ ತೇವ ಹೀರಬಲ್ಲದು. ನೀರು ಒಳಹೊಕ್ಕಾಗ ಪ್ರೋಟೀನು ಸರಪಣಿಗಳ ನಡುವಿನ ಹೈಡ್ರೊಜನ್ ಬಂಧಗಳು ಸಡಿಲುತ್ತವೆ, ಒಣಗುವಾಗ ಹೊಸ ಸ್ಥಾನದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಜೊತೆಗೆ ಕುಣಿಕೆಗಳೂ ತಮ್ಮತಮ್ಮಲ್ಲಿ ನೂಲು ಹಂಚಿಕೊಂಡು ಸಮವಾಗುತ್ತವೆ. ತಣ್ಣೀರಿನ ಹದ ಮತ್ತೆ ನೆನೆದರೆ ಬಿಟ್ಟುಹೋಗುತ್ತದೆ. ಹಬೆಯಲ್ಲಿ ಹೆಚ್ಚು ಹೊತ್ತು ಬಿಗಿದಿಟ್ಟದ್ದು ಬಹುಕಾಲ ನಿಲ್ಲುತ್ತದೆ. ಹತ್ತಿಗೆ, ಲಿನನ್ನಿಗೆ ಉಣ್ಣೆಯ ಈ ಸ್ಥಿತಿಸ್ಥಾಪಕ ಗುಣ ಇಲ್ಲ; ಅವು ಒಗೆತದಲ್ಲಿ ಸಮವಾಗುತ್ತವೆ, ತೊಟ್ಟಂತೆ ಜೋಲುತ್ತವೆ.

ಈಗ ಗೂಟದ ಜಾಗಕ್ಕೆ ತುಕ್ಕು ಹಿಡಿಯದ ಪಿನ್ನು, ಅಂಚಿನುದ್ದಕ್ಕೂ ಪೋಣಿಸುವ ಸ್ಟೀಲ್ ತಂತಿ, ಮಕ್ಕಳ ಆಟದ ಫೋಮ್ ಚಾಪೆ ಬಂದಿವೆ. ಬಿಡಿ ಭಾಗಗಳಾಗಿ ಹೆಣೆದ ಸ್ವೆಟರನ್ನು ಮೊದಲು ಹದ ಮಾಡಿ ಆಮೇಲೆ ಹೊಲಿಯುವುದು ಒಳ್ಳೆಯ ರೂಢಿ. ಅಂಚುಗಳು ಸುರುಳಿ ಬಿಟ್ಟು ಚಪ್ಪಟೆಯಾಗಿರುವುದರಿಂದ ಹೊಲಿಗೆ ನೇರ ಬರುತ್ತದೆ.

ಕನ್ನಡ ನಾಡಿನ ಹೆಣೆಯುವವರಿಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವ ನೂಲಿನಲ್ಲಿ ಬಹಳಷ್ಟು ಅಕ್ರಿಲಿಕ್. ಅದು ಪ್ಲಾಸ್ಟಿಕ್ಕಿನ ಎಳೆ. ನೀರಿನ ಹದಕ್ಕೆ ಹೆಚ್ಚು ಬಗ್ಗದು, ಬಿಸಿ ಇಸ್ತ್ರಿ ತಗುಲಿದರೆ ಪುಟಿಯುವ ಗುಣ ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆಂದೂ ಮೊದಲಿನಂತಾಗದು. ಮಗುವಿಗೆಂದು ಹೆಣೆದ ಕುಲಾವಿಗೋ ಸ್ವೆಟರಿಗೋ ಹಬೆ ತೋರಿಸುವ ಮೊದಲು ನೂಲಿನ ಚೀಟಿ ಓದಿ, ಒಂದು ಸಣ್ಣ ತುಂಡು ಹೆಣೆದು ಅದರ ಮೇಲೆ ಪರೀಕ್ಷಿಸಿ ನೋಡಿ.