ವಿಮಾನಪುರದ ವಿಮಾನ ಸಂಗ್ರಹಾಲಯ

ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ವಿಮಾನನಿಲ್ದಾಣದ ರಸ್ತೆಗೆ ಸಮೀಪವಾಗಿ, ವಿಮಾನಪುರವೆಂಬ ಬಡಾವಣೆಯಿರುವುದು. ಈ ಹೆಸರಿಗೆ ಕಾರಣವಾದ ಹಿಂದುಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯವರು ತಮ್ಮ ಅರುವತ್ತು ವರ್ಷಗಳ ದುಡಿಮೆಯ ಗುರುತುಗಳನ್ನು ಒಂದೆಡೆ ಕೂಡಿಸಿ, 2001ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಒಂದು ಸಂಗ್ರಹಾಲಯವನ್ನು ತೆರೆದರು. ಅದರ ವಿಸ್ತಾರವು ಸುಮಾರು ನಾಲ್ಕು ಎಕರೆ. ಹೊರಗಡೆ ಬಯಲಿನಲ್ಲಿ ವಿಮಾನಗಳು ನಿಂತಿರುವುವು. ಒಳಗಡೆ ಎರಡು ಹಜಾರಗಳಿರುವುವು. ಒಂದರಲ್ಲಿ 1940ರಿಂದ ಈಚಿನ ಚರಿತ್ರೆಯನ್ನು ದಶಕದಶಕವಾಗಿ ತೋರಿಸುವ ಚಿತ್ರಗಳು, ಇನ್ನೊಂದರಲ್ಲಿ ಒಳಗಿನ ರಚನೆ ಕಾಣುವಂತೆ ಕೊಯ್ದಿಟ್ಟ ಎಂಜಿನುಗಳು. ವಿಮಾನವು ಹೊರಗೆ, ಎಂಜಿನು ಒಳಗೆ ಎಂಬ ಈ ಏರ್ಪಾಡು ಸೌಕರ್ಯಕ್ಕಾಗಿ ಆದುದೇ ಇರಬಹುದು. ಆದರೂ ನಮ್ಮ ದೇಶದ ವಿಮಾನ ನಿರ್ಮಾಣದ ಚರಿತ್ರೆಗೆ ಅದು ಅತ್ಯಂತ ಉಚಿತವಾಗಿ ಒಪ್ಪುವುದು. ಏಕೆಂದರೆ ವಿಮಾನದ ಒಡಲನ್ನು ಕಟ್ಟುವ ವಿದ್ಯೆಯು ನಮಗೆ ಬೇಗನೆ ಕೈವಶವಾಯಿತು. ಅದಕ್ಕೆ ಪ್ರಾಣವನ್ನು ಕೊಡುವ ಎಂಜಿನಿನ ವಿದ್ಯೆಯು ಬಹುಕಾಲ ಪರಾಧೀನವಾಗಿಯೇ ಉಳಿಯಿತು.

ಕಾರ್ಖಾನೆಯ ಮೂಲಪುರುಷರು ಮುಂಬಯಿಯ ಉದ್ಯಮಿಗಳಾದ ವಾಲಚಂದ್ ಹೀರಾಚಂದ್ ಅವರು. 1939ರಲ್ಲಿ ಅಮೆರಿಕದಿಂದ ಹಿಂದಿರುಗುವಾಗ ಅವರಿಗೆ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕದವನ ಪರಿಚಯವಾಯಿತು. ಪಾಲಿಯು ಚೀನಾದೇಶದಲ್ಲಿ ವಿಮಾನದ ಕಾರ್ಖಾನೆಯನ್ನು ನಡೆಸುತ್ತಿದ್ದವನು. ಅಂಥದೇ ಕಾರ್ಖಾನೆಯನ್ನು ಭಾರತದಲ್ಲಿ ಸ್ಥಾಪಿಸಬೇಕೆಂದು ವಾಲಚಂದರು ಸಂಕಲ್ಪಿಸಿದರು. ಸ್ಥಳವನ್ನು ಅರಸುವಾಗ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಆದರದಿಂದ ಮುಂದೆಬಂದರು. ಶಿವನಸಮುದ್ರದ ವಿದ್ಯುಚ್ಛಕ್ತಿ, ಭದ್ರಾವತಿಯ ಉಕ್ಕು, ಟಾಟಾ ವಿಜ್ಞಾನಮಂದಿರದ ಪಂಡಿತರು, ಹಿತವಾದ ಹವೆ, ಗಡಿಗಳಿಂದ ದೂರ, ಇವೆಲ್ಲವೂ ಬೆಂಗಳೂರಿಗೆ ಅನುಕೂಲವಾಗಿದ್ದುವು. ಸಂಸ್ಥಾನದ ಸರ್ಕಾರವು ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿ ಪಾಲುಗಾರನಾಯಿತು. 1940ನೆಯ ಇಸವಿಯ ಡಿಸೆಂಬರ್ 23ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಸ್ಥಾಪಿತವಾಯಿತು. ಮರುವರ್ಷದ ಮಾರ್ಚಿಯಲ್ಲಿ ಭಾರತ ಸರ್ಕಾರವು ಮೂರರಲ್ಲಿ ಒಂದು ಪಾಲನ್ನು ಕೊಂಡಿತು. 1942ರಲ್ಲಿ ಆಡಳಿತವನ್ನೇ ವಹಿಸಿಕೊಂಡಿತು.

ಮೊದಲಲ್ಲಿ ಇಲ್ಲಿ ಜೋಡಿಸಿದ ವಿಮಾನಗಳು ಅಮೆರಿಕದ ಮಾದರಿಯವು. 1941ರಲ್ಲಿ ಹಾರ್ಲೋ ಎಂಬ ಶಿಕ್ಷಣ ವಿಮಾನವೂ, 1942ರಲ್ಲಿ ಹಾಕ್ ಎಂಬ ಯುದ್ಧ ವಿಮಾನವೂ ಸಿದ್ಧವಾದುವು. ಅಷ್ಟರಲ್ಲಿ ಜಪಾನಿನ ಸೇನೆಯು ಬರ್ಮಾದೇಶವನ್ನು ಆಕ್ರಮಿಸಿತು. ಹೊಸ ವಿಮಾನಗಳನ್ನು ಕಟ್ಟುವುದಕ್ಕಿಂತ, ಕಾದಾಡಿ ಜೀರ್ಣವಾಗಿ ಬಂದವುಗಳನ್ನು ಸರಿಪಡಿಸಿ ಕಳುಹಿಸುವುದೇ ಅವಸರದ ಕೆಲಸವೆನಿಸಿತು. 1943ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆಯು ಅಮೆರಿಕದ ಸೇನೆಯ ವಶಕ್ಕೆ ಹೋಯಿತು. ಯುದ್ಧವು ಮುಗಿಯುವವರೆಗೂ ಲಿಬರೇಟರ್, ಡಕೋಟಾ, ಕ್ಯಾಟಲೀನಾ ಮುಂತಾದ ವಿಮಾನಗಳು ಇಲ್ಲಿ ದುರಸ್ತಿಯಾದುವು. ಸಾವಿರಾರು ಕೆಲಸಗಾರರು ತಗಡನ್ನು ಬಗ್ಗಿಸುವುದನ್ನೂ, ರಿವೆಟ್ ಹೊಡೆಯುವುದನ್ನೂ, ಎಂಜಿನನ್ನು ಬಿಚ್ಚಿ ಮರಳಿ ಕೂಡಿಸುವುದನ್ನೂ ಕಲಿತರು. ಕಟ್ಟುವವರ ಕಾರ್ಖಾನೆಯು ಹೀಗೆ ಮೊದಲು ರಿಪೇರಿಯ ಪಾಠಶಾಲೆಯಾಯಿತು. ಶಾಂತಿಯು ಬಂದ ಮೇಲೆ ಕೆಲಸವು ತಗ್ಗಲು, ಅದೇ ಕೈಗಳು ಉಕ್ಕಿನ ರೈಲುಗಾಡಿಗಳನ್ನು ಮಾಡಿ ಹೊಟ್ಟೆ ಹೊರೆದುವು.

ಈ ವಿದ್ಯೆಯು ಎಷ್ಟು ಮಾಗಿತ್ತೆಂಬುದಕ್ಕೆ ಲಿಬರೇಟರ್ ವಿಮಾನಗಳ ವೃತ್ತಾಂತವೇ ಸಾಕ್ಷಿ. ಯುದ್ಧಾನಂತರ ಇಂಗ್ಲಿಷರ ವಾಯುಸೇನೆಯು ಕಾನಪುರದಲ್ಲಿ ಈ ದೊಡ್ಡ ಬಾಂಬರ್ ವಿಮಾನಗಳನ್ನು ಮರಳಿ ಹಾರದಂತೆ ಕೆಡಿಸಿ ಬಿಟ್ಟುಹೋಗಿತ್ತು. ಬೆಂಗಳೂರಿನ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಒಂದು ಸಾರಿ ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿಯವರು ಪ್ರಾಣವನ್ನು ಲೆಕ್ಕಿಸದೆ ಅವುಗಳನ್ನು ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಇಲ್ಲಿ ಪೂರ್ಣವಾಗಿ ಜೀರ್ಣೋದ್ಧಾರವಾದ ವಿಮಾನಗಳು 1948ರ ನವೆಂಬರ್‌ನಿಂದ ಭಾರತದ ವಾಯುಸೇನೆಯನ್ನು ಸೇರಿ 1968ರವರೆಗೆ ದುಡಿದುವು. ನಿವೃತ್ತಿಯಾದ ಬಳಿಕ ಅವುಗಳಲ್ಲಿ ಕೆಲವು ಇಂಗ್ಲೆಂಡ್, ಕೆನಡಾ, ಅಮೆರಿಕ ದೇಶಗಳ ಸಂಗ್ರಹಾಲಯಗಳಿಗೆ ಹೋದುವು.

ಸ್ವಂತ ಕಲ್ಪನೆಯ ಮೊದಲ ವಿಮಾನವು ಎಚ್‌ಟಿ-2. ವಿಮಾನಪುರದಲ್ಲಿ ಅದನ್ನು ಕಾಣಬಹುದು. ಇಬ್ಬರು ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವ ಚಿಕ್ಕ ಶಿಕ್ಷಣ ವಿಮಾನವದು. ಇದನ್ನು ರಚಿಸಿದವರು ಡಾಕ್ಟರ್ ವಿ. ಎಂ. ಘಾಟಗೆಯವರು. ಜರ್ಮನಿಯ ಗಟಿಂಗೆನ್ ನಗರದಲ್ಲಿ ಪ್ರಾಂಡ್ಲ್ ಎಂಬ ಪ್ರಖ್ಯಾತ ಪಂಡಿತರ ಬಳಿ ವ್ಯಾಸಂಗಮಾಡಿದ್ದ ಇವರು, ಬೆಂಗಳೂರಿನ ವಿಜ್ಞಾನಮಂದಿರದಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರದ ವಿಭಾಗವನ್ನು ಬೆಳೆಸಿದವರು. 1951ರ ಆಗಸ್ಟ್‌ನಲ್ಲಿ ಮುನ್ಷಿಯವರು ಈ ವಿಮಾನವನ್ನು ಮೊದಲ ಸಲ ಹಾರಿಸಿದರು. ವಾಯುಸೇನೆಯ ಎಷ್ಟೋ ತರುಣರಿಗೆ ಅದು ಅಕ್ಷರಾಭ್ಯಾಸಮಾಡಿಸಿತು. ಆಫ್ರಿಕದ ಘಾನಾದೇಶಕ್ಕೂ ಹೋಯಿತು. ಆದರೆ ಅದರ ಮುಂಭಾಗದಲ್ಲಿದ್ದ 155 ಅಶ್ವಶಕ್ತಿಯ ಎಂಜಿನು ಇಂಗ್ಲೆಂಡಿನದು. ಚಿಕ್ಕ ವಿಮಾನದಲ್ಲಿ ಇದೊಂದು ದೊಡ್ಡ ಕೊರತೆಯೆನಿಸಲಿಲ್ಲ.

ಕೊರತೆಯು ಕೊರತೆಯಾಗಿ ಕಂಡುದು ಮಾರುತದ ಕಾಲಕ್ಕೆ. ಬಯಲಿನಲ್ಲಿ ನಿಂತಿರುವ ವಿಮಾನಗಳಲ್ಲೆಲ್ಲ ನೋಟಕ್ಕೆ ಅತಿ ಸುಂದರವಾದುದು ಇದೇ. ಚೂಪಾದ ಮೂತಿ, ಹಿಂದಕ್ಕೆ ಬಾಗಿದ ತೆಳ್ಳನೆಯ ರೆಕ್ಕೆ, ಬಾಲದಲ್ಲಿ ಜೋಡಿ ಎಂಜಿನುಗಳ ಬಾಯಿ. ಜರ್ಮನಿಯ ಪ್ರಸಿದ್ಧ ರಚನಕಾರನಾದ ಕುರ್ಟ್ ಟ್ಯಾಂಕ್ 1956ರಲ್ಲಿ ತನ್ನ ಸಂಗಡಿಗರೊಡನೆ ಬೆಂಗಳೂರಿಗೆ ಬಂದು ಇದರ ಕೆಲಸಕ್ಕೆ ಕೈಹಚ್ಚಿದನು. 1959ರಲ್ಲಿ ಮರದಿಂದ ಅದೇ ಅಳತೆಯ, ಎಂಜಿನಿಲ್ಲದ ವಿಮಾನವನ್ನು ಮಾಡಿ ತೇಲಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ವಿಮಾನವನ್ನು ಹಾರಿಸಿದರು. ಶಬ್ದದ ವೇಗಕ್ಕೆ ಇಮ್ಮಡಿಯಾಗಿ ಓಡಬೇಕೆಂಬುದು ಅದರ ಉದ್ದೇಶವಾಗಿದ್ದಿತು. ಅದಕ್ಕಾಗಿ ನೆಚ್ಚಿದ್ದುದು ಬ್ರಿಸ್ಟಲ್ ಕಂಪೆನಿಯವರು ಸಿದ್ಧಪಡಿಸುತ್ತಿದ್ದ, 8,170 ಪೌಂಡು ನೂಕುಬಲದ ಆರ್ಫಿಯಸ್ ಎಂಜಿನನ್ನು. ಬ್ರಿಟಿಷ್ ಸರ್ಕಾರವು ಅದರ ಪೋಷಣೆಯನ್ನು ಕೈಬಿಟ್ಟಾಗ, ವೆಚ್ಚವನ್ನು ಭಾರತವು ಭರಿಸಬೇಕೆಂದು ಕೇಳಿದರು. ಭಾರತವು ಒಪ್ಪಲಿಲ್ಲ, ಎಂಜಿನು ಹುಟ್ಟಲಿಲ್ಲ. 4,850 ಪೌಂಡು ನೂಕುಬಲದ ಹಿಂದಿನ ಆರ್ಫಿಯಸ್ಸೇ ಗತಿಯಾಗಲು, ವಿಮಾನವು ಶಬ್ದದ ವೇಗವನ್ನು ಮುಟ್ಟುವುದೇ ಪ್ರಯಾಸವಾಯಿತು.

ಅನಂತರದ್ದು ಬದಲಿ ಎಂಜಿನಿನ ಹುಡುಕಾಟದ ಕಥೆ. ಈಜಿಪ್ಟ್‌ದೇಶದಲ್ಲಿ ಸಿದ್ಧವಾಗುತ್ತಿದ್ದ ಒಂದು ಎಂಜಿನನ್ನು ಪರೀಕ್ಷಿಸಲು ಒಂದು ಮಾರುತವನ್ನು ಅಲ್ಲಿಗೇ ಕಳುಹಿಸಿದರು. 1967ರಲ್ಲಿ ಅದು ಹಾರಿತಾದರೂ ಆ ಯೋಜನೆಯು ಅರ್ಧಕ್ಕೆ ನಿಂತಿತು. ಬೆಂಗಳೂರಿನಲ್ಲಿಯೇ ಆರ್ಫಿಯಸ್ಸಿನ ಬಾಲದಲ್ಲಿ ಮತ್ತೊಮ್ಮೆ ಎಣ್ಣೆಯನ್ನು ಉರಿಸಿ ಬಲವನ್ನು ಹೆಚ್ಚಿಸುವ ಪ್ರಯತ್ನವೂ ನಡೆಯಿತು. ಹಾಗೆ ಮಾರ್ಪಡಿಸಿದ ವಿಮಾನದಲ್ಲಿ 1970ರ ಜನವರಿ 10ರಂದು ಮೇಲೇರುತ್ತಿರುವಾಗಲೇ ಸುರಂಜನ್ ದಾಸ್ ಅವರು ಅಪಘಾತಕ್ಕೀಡಾಗಿ ಮಡಿದರು. ಅವರ ಹೆಸರಿನ ರಸ್ತೆಯು ಇಂದಿಗೂ ಆ ಪ್ರಾಂತದಲ್ಲಿರುವುದು. ಇಷ್ಟಾದರೂ 1971ರ ಡಿಸೆಂಬರ್‌ನ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತಗಳು ನೆಲಕ್ಕೆ ಸಮೀಪವಾಗಿ ಹಾರಿ ಚೆನ್ನಾಗಿ ಹೋರಾಡಿದುವು. ಶಿಕ್ಷಣದ ವಿಮಾನಗಳೂ ಸೇರಿ ಒಟ್ಟು 147 ಮಾರುತಗಳನ್ನು ಕಟ್ಟಿದರು. 1990ರ ಹೊತ್ತಿಗೆ ಅವು ಸೇವೆಯಿಂದ ಮರೆಯಾದುವು.

ಮಾರುತದ ನೆರೆಯವರಿಗೂ ಇದೇ ಹಣೆಬರಹ. ಕಿರಣವು ಇಲ್ಲಿಯೇ ರಚಿತವಾದ ಶಿಕ್ಷಣ ವಿಮಾನ, ಅದರ ಎಂಜಿನು ವೈಪರ್. ಅಜೀತವು ನ್ಯಾಟ್ ವಿಮಾನವನ್ನು ನಮ್ಮವರು ತಿದ್ದಿ ಬೆಳೆಸಿದ ರೂಪ, ಅದಕ್ಕೂ ಆರ್ಫಿಯಸ್. ಬೆಳೆಗಳ ಮೇಲೆ ಔಷಧವನ್ನು ಎರಚುವುದಕ್ಕೆಂದು 1972ರಲ್ಲಿ ಹಾರಿದ ಬಸಂತಕ್ಕೆ ಅಮೆರಿಕದ ಎಂಜಿನು. ಇವುಗಳಲ್ಲಿ ಹಲವು ಎಂಜಿನುಗಳನ್ನು ಪರವಾನಗಿ ಪಡೆದು ನಮ್ಮಲ್ಲಿಯೇ ತಯಾರಿಸಿದುದೂ ಉಂಟು. ಆದರೆ ಅನ್ಯರ ನಕ್ಷೆಯಂತೆ ತಯಾರಿಸುವುದು ಒಂದು, ತಾನೇ ನಕ್ಷೆಯನ್ನು ಕಲ್ಪಿಸುವುದು ಇನ್ನೊಂದು.

ಈ ವ್ಯತ್ಯಾಸದ ಕಾರಣವನ್ನು ಎಂಜಿನುಗಳ ಹಜಾರದಲ್ಲಿ ಕಣ್ಣಾರೆ ನೋಡಬಹುದು. ಜೆಟ್ ಎಂಜಿನಿನಲ್ಲಿ ಮುಂದಿನ ಅಲಗುಚಕ್ರಗಳು ಗಾಳಿಯನ್ನು ಸೆಳೆದು ಒತ್ತುವುವು. ನಡುವಣ ಕೋಶದಲ್ಲಿ ಎಣ್ಣೆಯು ಉರಿಯುವುದು. ಬಿಸಿಯಾಗಿ ಹಿಗ್ಗಿದ ಅನಿಲವು ಹಿಂದಿನ ಚಕ್ರವನ್ನು ತಿರುಗಿಸಿ, ಬಾಲದಿಂದ ರಭಸವಾಗಿ ಹೊರಬಿದ್ದು ವಿಮಾನವನ್ನು ಮುಂದಕ್ಕೆ ನೂಕುವುದು. ತತ್ತ್ವವು ಇಷ್ಟು ಸರಳ. ಆದರೆ ಹಿಂದಿನ ಚಕ್ರದ ಆ ಬೆರಳುದ್ದದ ಅಲಗುಗಳು ಕೆಂಪಗೆ ಕಾಯ್ದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ, ಬಾಗದೆ ಬಿರಿಯದೆ ನೂರಾರು ಗಂಟೆ ಬಾಳಬೇಕು. ಅಂಥ ಲೋಹವನ್ನು ಎರಕಹೊಯ್ಯುವ ಗುಟ್ಟನ್ನು ಬಲ್ಲ ದೇಶಗಳು ಅದನ್ನು ಮಾರುವುದಿಲ್ಲ.

ಬಯಲಿನಲ್ಲಿರುವ ಲಕ್ಷ್ಯವೆಂಬ ಚಿಕ್ಕ ವಿಮಾನವನ್ನು ಅನೇಕರು ಲಕ್ಷಿಸದೆ ಮುಂದೆ ನಡೆಯುವರು. ಅದರಲ್ಲಿ ಚಾಲಕನಿಲ್ಲ, ಗುಂಡು ಹೊಡೆಯುವವರ ಅಭ್ಯಾಸಕ್ಕೆ ಗುರಿಯಾಗುವುದೇ ಅದರ ಕೆಲಸ. ಆದರೆ ಅದನ್ನು ಹಾರಿಸುವ ಪುಟ್ಟ ಜೆಟ್ ಎಂಜಿನು ಈ ಕಾರ್ಖಾನೆಯವರೇ ಕಲ್ಪಿಸಿ ಮಾಡಿದುದು. ದೊಡ್ಡ ಎಂಜಿನಿನ ದಾರಿಯು ಇನ್ನೂ ಕಡಿದು. ಸಂಗ್ರಹಾಲಯವನ್ನು ತೆರೆದ 2001ರಲ್ಲಿಯೇ, ಜನವರಿ 4ರಂದು, ತೇಜಸ್ ಯುದ್ಧವಿಮಾನವು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಅದಕ್ಕೆಂದು ಈ ಊರಿನಲ್ಲಿಯೇ ರೂಪುಗೊಳ್ಳುತ್ತಿದ್ದ ಕಾವೇರಿ ಎಂಜಿನು ಸಿದ್ಧವಾಗಿರಲಿಲ್ಲವಾದುದರಿಂದ ಅಮೆರಿಕದ ಎಂಜಿನನ್ನು ಕೂಡಿಸಬೇಕಾಯಿತು. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು.

ಸಾಮಾನ್ಯವಾಗಿ ಜನರು ಬಯಲಿನ ವಿಮಾನಗಳ ಮುಂದೆ ಬಹಳ ಹೊತ್ತು ನಿಲ್ಲುವರು, ಎಂಜಿನುಗಳ ಹಜಾರವನ್ನು ಅವಸರದಿಂದ ದಾಟುವರು. ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಮೊದಲು ಮಾರುತವನ್ನು ತೋರಿಸಿ, ಅದರ ಕಥೆಯನ್ನು ಹೇಳಿ, ಅನಂತರ ಹಜಾರಕ್ಕೆ ಕರೆತಂದು, ಕೊಯ್ದಿಟ್ಟ ಎಂಜಿನಿನ ಹಿಂದಿನ ಚಕ್ರದ ಬಳಿ ಅವರನ್ನು ಕೊಂಚ ಹೊತ್ತು ನಿಲ್ಲಿಸುವುದು ಒಳ್ಳೆಯದು. ಘಾಟಗೆಯವರೂ ಮುನ್ಷಿಯವರೂ ದಾಸ್ ಅವರೂ ಮುಗಿಸದೆ ಬಿಟ್ಟುಹೋದ ಕೆಲಸವು ಯಾವುದೆಂಬುದು ಆ ಮಕ್ಕಳಿಗೆ ಅಲ್ಲಿ ತಿಳಿಯುವುದು.