ಗುಳೆ, ಕೂಲಿ ಮತ್ತು ಮತಗಟ್ಟೆ

ಕೆಲಸ ಕಳೆದುಕೊಂಡವರು ಸಿಟ್ಟಿನಿಂದ ಮತಗಟ್ಟೆಗೆ ಬರುತ್ತಾರೋ, ಬೇಸತ್ತು ಮನೆಯಲ್ಲೇ ಉಳಿಯುತ್ತಾರೋ ಎಂಬುದು ಚುನಾವಣಾ ಅಧ್ಯಯನದ ಹಳೆಯ ಪ್ರಶ್ನೆ. ಮತ ಹಾಕದವರನ್ನೇ ಹುಡುಕಿಕೊಂಡು ಹೋಗಿ ಕಾರಣ ಕೇಳುವ ಕೆಲಸ 1923ರ ಷಿಕಾಗೊ ಮೇಯರ್ ಚುನಾವಣೆಯ ನಂತರ ನಡೆಯಿತು. ಚಾರ್ಲ್ಸ್ ಮೆರಿಯಮ್ ಮತ್ತು ಹೆರಾಲ್ಡ್ ಗೋಸ್ನೆಲ್ ಅದನ್ನು 1924ರಲ್ಲಿ ಪುಸ್ತಕವಾಗಿ ತಂದರು. ನಿರುದ್ಯೋಗ ಮನುಷ್ಯನಿಗೆ ಏನು ಮಾಡುತ್ತದೆ ಎಂದು ತೋರಿಸಿದ್ದು ಆಸ್ಟ್ರಿಯಾದ ಮರಿಯೆಂಥಾಲ್. ಬಟ್ಟೆ ಗಿರಣಿ ಮುಚ್ಚಿದ ಆ ಊರನ್ನು ಮೇರಿ ಯಹೋಡಾ, ಪಾಲ್ ಲಾಝರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಅಧ್ಯಯನ ಮಾಡಿ 1933ರಲ್ಲಿ ವರದಿ ಪ್ರಕಟಿಸಿದರು. ಗಡಿಯಾರ ಹಿಡಿದು ಜನರ ನಡಿಗೆಯ ವೇಗವನ್ನೂ ಅಳೆದರು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು. ಬಿಡುವಿದ್ದವರು ಊರಿನ ವ್ಯವಹಾರದಲ್ಲಿ ಹೆಚ್ಚು ತೊಡಗುತ್ತಾರೆಂಬ ಎಣಿಕೆ ಅಲ್ಲಿ ಸುಳ್ಳಾಯಿತು.

ಮತದಾನಕ್ಕೆ ನೇರವಾಗಿ ಈ ಪ್ರಶ್ನೆ ಹಾಕಿದ್ದು ಸ್ಟೀವನ್ ರೋಸೆನ್‌ಸ್ಟೋನ್. 1982ರ ಲೇಖನದಲ್ಲಿ ಅವರು ಕಂಡುಕೊಂಡದ್ದು ಇಷ್ಟು: ಅಮೆರಿಕದಲ್ಲಿ ಸಂಕಷ್ಟ ಮತದಾನವನ್ನು ಕುಗ್ಗಿಸುತ್ತದೆ, ಹೊಟ್ಟೆಪಾಡಿನ ಚಿಂತೆಯಲ್ಲಿರುವವರಿಗೆ ರಾಜಕೀಯಕ್ಕೆ ಪುರಸೊತ್ತಿಲ್ಲ. ಇದು ಬಹಳ ಕಾಲ ಪಾಠದ ಮಾತಾಗಿ ನಿಂತಿತು. 2014ರಲ್ಲಿ ಬ್ಯಾರಿ ಬರ್ಡನ್ ಮತ್ತು ಆಂಬರ್ ವಿಚೋವ್ಸ್ಕಿ ಅದೇ ಅಮೆರಿಕದ ಲೆಕ್ಕ ಹಿಡಿದು, ಸುತ್ತಲ ಪ್ರದೇಶದಲ್ಲಿ ನಿರುದ್ಯೋಗ ಹೆಚ್ಚಿದಾಗ ಮತದಾನವೂ ಹೆಚ್ಚುತ್ತದೆ ಎಂದರು. ಎರಡೂ ಏಕಕಾಲಕ್ಕೆ ನಿಜವಾಗಬಹುದು: ಕೆಲಸ ಹೋದವನು ಮನೆಯಲ್ಲೇ ಉಳಿಯಬಹುದು, ಅವನನ್ನು ನೋಡಿ ಹೆದರಿದ ನೆರೆಯವನು ಸಾಲಿನಲ್ಲಿ ನಿಲ್ಲಬಹುದು.

ಭಾರತಕ್ಕೆ ಬಂದರೆ ಈ ಸಿದ್ಧಾಂತಗಳ ಲೆಕ್ಕ ತಪ್ಪುತ್ತದೆ. 1990ರ ದಶಕದಲ್ಲಿ ಬಡವರು, ದಲಿತರು, ಹಿಂದುಳಿದವರು ಹೆಚ್ಚಾಗಿ ಮತಗಟ್ಟೆಗೆ ಬಂದುದನ್ನು ಯೋಗೇಂದ್ರ ಯಾದವ್ ಪ್ರಜಾಪ್ರಭುತ್ವದ ಎರಡನೆಯ ಉಬ್ಬರವೆಂದು ಕರೆದರು. ಮತ ಹಾಕದಿದ್ದರೆ ಸರ್ಕಾರದ ಪಾಲಿಗೆ ತಾವು ಸತ್ತಂತೆ ಎಂಬ ಬಡವರ ಭಾವನೆಯನ್ನು ಅಮಿತ್ ಅಹುಜಾ ಮತ್ತು ಪ್ರದೀಪ್ ಛಿಬ್ಬರ್ 2012ರಲ್ಲಿ ದಾಖಲಿಸಿದರು. ಕರ್ನಾಟಕದಲ್ಲೂ ಅಷ್ಟೆ. 2024ರ ಲೋಕಸಭಾ ಚುನಾವಣೆಯಲ್ಲಿ ಸಿರಿವಂತ ಬೆಂಗಳೂರು ದಕ್ಷಿಣದಲ್ಲಿ ಮತ ಬಿದ್ದದ್ದು ಶೇ. 53ರ ಆಸುಪಾಸು; ಕೊಪ್ಪಳದಲ್ಲಿ ಶೇ. 70ರ ಆಚೀಚೆ.

ಹಾಗಾದರೆ ಕೊಪ್ಪಳದಲ್ಲಿ ಸಂಕಷ್ಟದ ಪರಿಣಾಮವೇ ಇಲ್ಲವೆ? ಇದೆ, ಆದರೆ ಅದನ್ನು ಮತದಾರನ ಮನಸ್ಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಹೊರಡುವ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಹರಿದು ಗಂಗಾವತಿಯ ಭತ್ತದ ಗದ್ದೆಗಳನ್ನು ತಣಿಸುತ್ತದೆ. ನಾಟಿ, ಕೊಯ್ಲಿನ ಕಾಲಕ್ಕೆ ಅತ್ತ ಕೂಲಿಯುಂಟು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಹೆಚ್ಚಾಗಿ ಮಳೆಯನ್ನೇ ನಂಬಿದ ಒಣಭೂಮಿ. ಹಿಂಗಾರಿನ ಜೋಳ, ಕಡಲೆ ಕೈಗೆ ಬಂದ ಮೇಲೆ ಮುಂಗಾರಿನವರೆಗೆ ಹೊಲದಲ್ಲಿ ಕೆಲಸವಿಲ್ಲ. ಆಗ ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ‘ದುಡಿಯಾಕ ಹೋಗ್ಯಾರ’ ಎಂಬುದು ಊರಿನಲ್ಲಿ ಉಳಿದ ಮುದುಕರ ಉತ್ತರ. ಲೋಕಸಭೆ, ವಿಧಾನಸಭೆ ಚುನಾವಣೆಗಳು ಬೀಳುವುದೂ ಬಹುತೇಕ ಇದೇ ಏಪ್ರಿಲ್–ಮೇ ತಿಂಗಳಲ್ಲಿ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ತಂದ ವೋಟರ್ ಸ್ಲಿಪ್ ಬೀಗ ಹಾಕಿದ ಬಾಗಿಲ ಸಂದಿಗೆ ಸೇರುತ್ತದೆ.

ಇಂಥ ಮತದಾರನ ಹೆಸರು ಪಟ್ಟಿಯಲ್ಲಿ ಗಟ್ಟಿಯಾಗಿಯೇ ಇರುತ್ತದೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸಸ್ಥಳ ತಪ್ಪುವುದಿಲ್ಲ ಎಂದು 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಒಳ್ಳೆಯದೇ, ಆದರೆ ಶೇಕಡಾವಾರು ಲೆಕ್ಕದಲ್ಲಿ ಅವನು ಮತ ಹಾಕದವನಾಗಿ ಉಳಿಯುತ್ತಾನೆ. ಹಾಕಲಾಗದವನಿಗೂ ಹಾಕಲೊಲ್ಲದವನಿಗೂ ಅಂಕಿ ವ್ಯತ್ಯಾಸ ಮಾಡುವುದಿಲ್ಲ. 1951ರ ಕಾಯ್ದೆಯ 135ಬಿ ಕಲಮು ಮತದಾನದ ದಿನ ದಿನಗೂಲಿಯವರಿಗೂ ಸಂಬಳಸಹಿತ ರಜೆ ಕೊಡುತ್ತದೆ. ಮೇಸ್ತ್ರಿಯ ಕೈಕೆಳಗಿನ ಗಾರೆ ಕೆಲಸದವರು ಅದನ್ನು ಯಾರ ಹತ್ತಿರ ಕೇಳಬೇಕು? ಹೋಗಿಬರಲು ಕನಿಷ್ಠ ಎರಡು ದಿನದ ಕೂಲಿ, ಗಂಡ ಹೆಂಡಿರಿಬ್ಬರ ಬಸ್ ಚಾರ್ಜು, ಮರಳಿದಾಗ ಜಾಗ ಇರುತ್ತದೋ ಇಲ್ಲವೋ ಎಂಬ ಅಳುಕು, ಇಷ್ಟೂ ಒಂದು ಮತದ ಬೆಲೆಗೆ ಸೇರುತ್ತವೆ. ಅಭ್ಯರ್ಥಿ ಕಡೆಯವರು ಗಾಡಿ ಕಳಿಸಿದರೆ ಬರಬಹುದು. ಹಾಗೆ ಕಳಿಸುವುದು ಅದೇ 1951ರ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟಾಚರಣೆ. ಕಾನೂನು ತಡೆಯುವ ಗಾಡಿಯೇ ಎಷ್ಟೋ ಸಲ ಬಡವನಿಗೆ ದಕ್ಕುವ ಏಕೈಕ ಅನುಕೂಲ.

ಹೀಗಾಗಿ ಇತ್ತೀಚಿನ ಸಂಶೋಧನೆ ದೂರದತ್ತ ತಿರುಗಿದೆ. ದೆಹಲಿ, ಲಖನೌಗಳ ವಲಸೆಗಾರರಿಗೆ ಮನೆಬಾಗಿಲಲ್ಲೇ ಹೆಸರು ನೋಂದಾಯಿಸಲು ನೆರವಾದಾಗ ನೋಂದಣಿ 24, ಮತದಾನ 20 ಶೇಕಡಾ ಅಂಶಗಳಷ್ಟು ಏರಿದ್ದನ್ನು ನಿಖರ್ ಗಾಯಕವಾಡ್ ಮತ್ತು ಗ್ಯಾರೆತ್ ನೆಲ್ಲಿಸ್ 2021ರಲ್ಲಿ ಪ್ರಕಟಿಸಿದರು. ವಲಸೆ ಹೋದ ಊರಲ್ಲೇ ನೆಲೆ ನಿಂತವರಿಗೆ ಈ ದಾರಿ ಸರಿ. ಮಳೆ ಬಿದ್ದೊಡನೆ ಬಿತ್ತನೆಗೆ ಮರಳುವ ಯಲಬುರ್ಗಾದವರಿಗೆ ಹೊಂದದು. ಅವರ ರೇಷನ್ ಕಾರ್ಡು, ಹೊಲ, ಪಂಚಾಯ್ತಿ ಎಲ್ಲ ಇರುವುದು ಊರಲ್ಲಿ. ಅವರಿಗೆ ಬೇಕಾದದ್ದು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕುವ ವ್ಯವಸ್ಥೆ. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ಯಂತ್ರದ ಪ್ರಸ್ತಾವವನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಮುಂದಿಟ್ಟು, 2023ರ ಜನವರಿ 16ರಂದು ಪಕ್ಷಗಳ ಸಭೆ ಕರೆಯಿತು. ವಲಸೆಗಾರ ಯಾರು ಎಂಬ ವ್ಯಾಖ್ಯೆಯಿಂದಲೇ ಆಕ್ಷೇಪಗಳೆದ್ದವು; ಯಂತ್ರ ಬಳಕೆಗೆ ಬರಲಿಲ್ಲ. 2024ರ ಮೇ 7ರಂದು ಕೊಪ್ಪಳ ಕ್ಷೇತ್ರದಲ್ಲಿ ಮತದಾನ ನಡೆದಾಗ, ಗೋವಾದಲ್ಲಿದ್ದ ಕುಷ್ಟಗಿಯ ಕೂಲಿಕಾರನಿಗೆ ಮತ ಹಾಕಲು ಬಸ್ಸು ಹತ್ತುವುದೊಂದೇ ದಾರಿಯಾಗಿತ್ತು.