ಸೂಜಿದಾರದ ಸೇವೆ

ಯೊಪ್ಪ ಪಟ್ಟಣದ ತಬಿಥಳು ಮೃತಳಾದಾಗ, ವಿಧವೆಯರು ಆಕೆ ಹೊಲಿದುಕೊಟ್ಟಿದ್ದ ಉಡುಪುಗಳನ್ನು ಸಂತ ಪೇತ್ರರಿಗೆ ತೋರಿಸಿ ಕಣ್ಣೀರಿಟ್ಟರೆಂದು ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯವು ತಿಳಿಸುತ್ತದೆ. ಹೀಗೆ ಧರ್ಮಸಭೆಯ ಆದಿಯಿಂದಲೂ ಹೊಲಿಗೆಯು ಪರಸೇವೆಯ ಸಾಧನವಾಗಿದೆ. ಆ ಪರಂಪರೆಯಲ್ಲಿ ಸ್ಮರಣೀಯರಾದವರು ಸಂತ ಮರಿಯ ದೊಮೆನಿಕ ಮಜ್ಜರೆಲ್ಲೊ.

1837ರಲ್ಲಿ ಇಟಲಿಯ ಮೊರ್ನೇಸೆ ಗ್ರಾಮದ ಕೃಷಿಕ ಕುಟುಂಬದಲ್ಲಿ ಜನಿಸಿದ ಇವರು ದ್ರಾಕ್ಷಿತೋಟದ ದುಡಿಮೆಯಲ್ಲಿ ಎತ್ತಿದ ಕೈ. 1860ರಲ್ಲಿ ರೋಗಪೀಡಿತ ಬಂಧುಗಳ ಶುಶ್ರೂಷೆಗೆ ಹೋಗಿ ತಾವೇ ಟೈಫಸ್ ಜ್ವರಕ್ಕೆ ತುತ್ತಾದರು. ಪ್ರಾಣವುಳಿಯಿತು, ಹಿಂದಿನ ದೇಹಬಲ ಮರಳಲಿಲ್ಲ. ಇಪ್ಪತ್ತು ದಾಟಿದ ಪ್ರಾಯದಲ್ಲಿ, ಗೆಳತಿ ಪೆತ್ರೊನಿಲ್ಲಳೊಡನೆ ಊರಿನ ದರ್ಜಿಯ ಬಳಿ ಹೊಲಿಗೆ ಕಲಿಯಲು ಕುಳಿತರು. ಉದ್ದೇಶವು ಹೊಟ್ಟೆಪಾಡು ಮಾತ್ರವಲ್ಲ. ಕಲಿತದ್ದನ್ನು ಹಳ್ಳಿಯ ಬಾಲಕಿಯರಿಗೆ ಕಲಿಸಿ, ಅದರೊಡನೆ ದೇವಭಕ್ತಿಯನ್ನೂ ಬೆಳೆಸುವುದು. ಒಂದೊಂದು ಹೊಲಿಗೆಯೂ ದೇವಪ್ರೀತಿಯ ಕಾರ್ಯವಾಗಲೆಂಬುದು ಅವರ ಬೋಧೆ. ಆ ಚಿಕ್ಕ ಹೊಲಿಗೆ ಶಾಲೆಯ ಬಳಗದಿಂದಲೇ 1872ರ ಆಗಸ್ಟ್ 5ರಂದು, ಸಂತ ಜಾನ್ ಬೋಸ್ಕೊರವರ ಮಾರ್ಗದರ್ಶನದಲ್ಲಿ, ಸಹಾಯಮಾತೆ ಮರಿಯಮ್ಮನವರ ಪುತ್ರಿಯರ ಸಭೆಯು ಉದಯಿಸಿತು. 1881ರಲ್ಲಿ ದೈವಾಧೀನರಾದ ಅವರಿಗೆ 1951ರಲ್ಲಿ ಸಂತ ಪದವಿ ದೊರೆಯಿತು.

ಗುದ್ದಲಿ ಹಿಡಿದ ಕೈಗೆ ಸೂಜಿ ಒಡನೆಯೇ ಒಗ್ಗದು. ಮೊದಲ ಹೊಲಿಗೆ ಓರೆಯಾಗುವುದು ಸಹಜ. ಬಿಚ್ಚಿ ಮತ್ತೆ ಹೊಲಿಯುವುದೇ ಕಲಿಕೆ. ಕತ್ತರಿ ತಪ್ಪಿ ಬಟ್ಟೆ ಕೆಟ್ಟರೆ ನಷ್ಟ ಒಂದು ಗಜ. ಗದರಿಕೆಯಿಂದ ಮಗುವಿನ ಧೈರ್ಯ ಕೆಟ್ಟರೆ ನಷ್ಟ ಒಂದು ಬಾಳು. ಪ್ರಿಯ ಸಹೋದರಿಯರೇ, ಈ ಶತಮಾನೋತ್ಸವದ ವರ್ಷದಲ್ಲಿ ಹೊಲಿಗೆ ಬಲ್ಲ ನಿಮ್ಮಲ್ಲಿ ಪ್ರತಿಯೊಬ್ಬರೂ ನೆರೆಮನೆಯ ಒಬ್ಬ ಬಾಲಕಿಗಾದರೂ ತಾಳ್ಮೆಯಿಂದ ಕಲಿಸುವಿರಾದರೆ, ಅದೇ ನಮ್ಮ ದೇವಾಲಯಕ್ಕೆ ನೀವು ತೊಡಿಸುವ ಹೊಸ ಉಡುಗೆ.